ಇನ್ನೂರ ಹದಿನೇಳು

ಜುವಾರಿ ನದಿಯ ಬಾಯಿಂದ ತೆಗೆದ ಒಂದು ಚಮಚ ಕೆಸರು.
ತೊಳೆದು, ಜರಡಿ ಹಿಡಿದು, ಒಣಗಿಸಿ
ಕರಿಯ ತಟ್ಟೆಯಲ್ಲಿ ಹರಡಿದರೆ
ಉಸುಕಿನ ನಡುವೆ ಉಸುಕಿನಂತೆಯೇ ಕಾಣುವ ಚಿಪ್ಪುಗಳು,
ಒಂದೊಂದೂ ಒಂದೇ ಜೀವಕೋಶದ ಮನೆ.
ಮುನ್ನೂರು ಎಣಿಸಬೇಕು, ಅಂದಿದ್ದಾರೆ ಪ್ರಭುಗಾಂವ್ಕರ್ ಮೇಡಂ,
ಅದಕ್ಕೆ ಕಡಿಮೆಯಾದರೆ ಲೆಕ್ಕವಲ್ಲ, ಗಾಳಿಮಾತು.

ಒದ್ದೆ ಕುಂಚದ ತುದಿಯಿಂದ ಸರಿಸಿದೆ ಒಂದು.
ಇನ್ನೊಂದು.
ಇನ್ನೂರ ಹದಿನೇಳಕ್ಕೆ ಬಂದಾಗ
ಮೇಜಿನ ಮೇಲೆ ಫೋನು ಗುಂಯ್ ಅಂದಿತು.
ಫ್ಲೋರಿಯ ಅಣ್ಣನ ಮದುವೆಯ ಕೇಕು, ಏಳು ಕೋನಗಳಿಂದ.
ಕೇಕಿನ ಪಕ್ಕ ಯಾರೋ ನಕ್ಕಿದ್ದರು,
ನಕ್ಕವಳು ಯಾರೆಂದು ಹುಡುಕಿ ಹೋದರೆ ಅವಳ ನಾಯಿ,
ನಾಯಿಗೊಂದು ರೇನ್‌ಕೋಟು,
ರೇನ್‌ಕೋಟಿಗೆ ಅರ್ಧ ರಿಯಾಯಿತಿ, ಇವತ್ತೊಂದೇ ದಿನ.
ತಲೆಯೆತ್ತಿದಾಗ ಗಡಿಯಾರದಿಂದ ಯಾರೋ
ನಲವತ್ತು ನಿಮಿಷ ಎತ್ತಿಕೊಂಡು ಹೋಗಿದ್ದರು.
ತಟ್ಟೆಯ ಯಾವ ಚೌಕದಲ್ಲಿದ್ದೆ? ಎಡದಿಂದಲೋ, ಬಲದಿಂದಲೋ?

ಡ್ರಾಯರಿನಲ್ಲಿಟ್ಟೆ. ಡ್ರಾಯರು ಗುಂಯ್ ಅಂದಿತು.
ಬ್ಯಾಗಿನ ತಳದಲ್ಲಿಟ್ಟೆ, ಛತ್ರಿಯ ಕೆಳಗೆ. ಛತ್ರಿಯೂ.
ಪೂರ್ತಿ ಬಾಯಿ ಮುಚ್ಚಿಸಿದ ಮೇಲೆ
ಅಲ್ಲಿಲ್ಲದ ಫೋನಿಗೆ ತೊಡೆಯೇ ನಡುಗತೊಡಗಿತು.
ಮುಟ್ಟದಿದ್ದರೆ ಗಿಡ ಬೆಳೆಸುವ ಆ್ಯಪು ಹಾಕಿಕೊಂಡೆ;
ಎಷ್ಟು ಬೆಳೆಯಿತೆಂದು ನೋಡಲು ಮುಟ್ಟಿದೆ,
ಸತ್ತಿತು.

ವಾಸ್ಕೋ ಮಾರ್ಕೆಟ್ಟಿನ ಬಾಗಿಲಲ್ಲಿ ಹೂ ಕಟ್ಟುತ್ತಾಳೆ ಅವ್ವ.
ಫಕೀರವ್ವ ಅಂದರೆ ತಿಳಿಯದವರಿಗೂ
ಅಬೋಲಿಯವಳು ಅಂದರೆ ಗೊತ್ತು.
ತಕ್ಕಡಿಗೆ ಫೋನು ಒರಗಿಸಿ ರೀಲು ನೋಡುತ್ತಲೇ ಕಟ್ಟುತ್ತಾಳೆ,
ಸೊಸೆ ಅತ್ತೆಯನ್ನು ಗದರಿದರೆ ನಗುತ್ತಾಳೆ,
ರೊಟ್ಟಿ ಹರಿದರೆ ಛೀ ಅನ್ನುತ್ತಾಳೆ,
ಎರಡು ಹೂ ಇತ್ತ, ಎರಡು ಅತ್ತ, ದಾರ ಒಮ್ಮೆಯೂ ತಪ್ಪದು.
ಮೊಳ ಅಳೆದು ನೋಡಿ, ಒಂದು ಬೆರಳು ಹೆಚ್ಚೇ.
ಅವಳ ಎಣಿಕೆ ಬೆರಳಿಗಿಳಿದು ಎಷ್ಟೋ ವರ್ಷ.
ನನ್ನದು ಇನ್ನೂ ಕಣ್ಣಲ್ಲೇ ಇದೆ;
ಕಣ್ಣೋ, ಯಾರು ಕರೆದರೂ ಎದ್ದುಹೋಗುವ ಕೂಸು.

"ಕೊಡಿಲ್ಲೆ, ನನ್ನ ಹತ್ರ ಇರ್ಲಿ," ಅಂದಳು ಸೋಮವಾರ.
ಆ ದಿನ ಕ್ಲಾಸಿನ ಗ್ರೂಪಿನಲ್ಲಿ ಯಾರೇನು ಕೇಳಿದರೂ
ನನ್ನ ಹೆಸರಿನಿಂದ ಅವ್ವನ ದನಿ ಹೋಗಿದೆ, ಹನ್ನೊಂದು ಸಲ:
"ಆಕಿ ಉಸುಕು ಎಣಸಾಕ ಹೋಗ್ಯಾಳ್ರಿ, ಸಂಜಿಕ ಮಾಡ್ರಿ."
ಮೇಡಂಗೂ ಅದೇ.

ತಾಳಗಾಂವ್ ಗುಡ್ಡದ ಲ್ಯಾಬಿನಲ್ಲಿ ನಾನು, ಫ್ಯಾನಿನ ಕೊರಗು.
ಮೊದಲ ಗಂಟೆ ಕೈ ಜೇಬು ತಡವುತ್ತಲೇ ಇತ್ತು
ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋದ ಹಾಗೆ.
ನೂರು. ನೂರಾ ಐವತ್ತು.
ಹಸಿವಾಯಿತು. ಅದು ಬರೀ ಹಸಿವೇ ಆಗಿತ್ತು.
ಇನ್ನೂರು.
ಇನ್ನೂರ ಹದಿನೇಳನೆಯದು, ಆಣೆ ಮಾಡಿ ಹೇಳುತ್ತೇನೆ, ಅದೇ ಸಂಖ್ಯೆ,
ಗಾಜಿನಂಥ ಮೈ, ಸುರುಳಿಯೊಳಗೆ ಸುರುಳಿ,
ಪ್ರತಿ ಹೊಸ ಕೋಣೆ ಹಳೆಯದಕ್ಕಿಂತ ಕೂದಲಷ್ಟು ದೊಡ್ಡದು,
ಕೊನೆಯ ಕೋಣೆಯ ಬಾಗಿಲು ತೆರೆದೇ ಇದೆ.
ಕಟ್ಟಿದ ಜೀವ ಯಾವ ಮಳೆಗಾಲದಲ್ಲಿ ಹೊರಟುಹೋಯಿತೋ.
ದೀಪ ತಗ್ಗಿಸಿ ನೋಡಿದೆ. ಓರೆ ಮಾಡಿ ನೋಡಿದೆ.
ಯಾರಿಗೂ ಕಳಿಸಲಾಗದೆ ಸುಮ್ಮನೆ ನೋಡಿದೆ.

ಬಿಸಿಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿತ್ತು.
ಲೆಕ್ಕ ಮತ್ತೆ ತಪ್ಪಿತ್ತು.

ರಾತ್ರಿ ಫೋನು ಕೊಟ್ಟಳು, ಪರದೆಯ ತುಂಬ ಹೂವಿನ ನೀರು.
"ಎಷ್ಟಾತು?"
"ಇನ್ನೂರ ಹದಿನಾರು."
"ಅವತ್ತಿಗಿಂತ ಒಂದು ಕಡಿಮೀನ ಆತಲ್ಲ!"
ಹೂಂ ಅಂದೆ.
ಒದ್ದೆ ಬೆರಳಿಗೆ ಪರದೆ ತೆರೆಯಲಿಲ್ಲ.
ಬುಟ್ಟಿಯಲ್ಲಿ ಉಳಿದ ಅಬೋಲಿಯ ಮೇಲೆ ಹಾಗೇ ಇಟ್ಟೆ.
ಸ್ವಲ್ಪ ಹೊತ್ತಿಗೆ
ಹೂವೆಲ್ಲ ಗುಂಯ್ ಅಂದವು.